ಬಲೀಂದ್ರನ ಬಾಗಿಲು ಕಾಯುವವನು

ದೀಪಾವಳಿಯಲ್ಲಿ ನಾವು ಇಬ್ಬರು ಅಸುರ ರಾಜರನ್ನು ನೆನೆಯುತ್ತೇವೆ. ಒಬ್ಬ ಸತ್ತನೆಂದು ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡುತ್ತೇವೆ. ಇನ್ನೊಬ್ಬ ಬರುತ್ತಾನೆಂದು ದೀಪ ಹಚ್ಚುತ್ತೇವೆ. ನಡುವೆ ಇರುವುದು ಒಂದು ಅಮಾವಾಸ್ಯೆ ಅಷ್ಟೇ.

ನರಕಾಸುರನ ಕತೆಯಲ್ಲಿ ಗೊಂದಲವಿಲ್ಲ. ವರುಣನ ಛತ್ರಿ ಕಸಿದ. ದೇವತೆಗಳ ತಾಯಿ ಅದಿತಿಯ ಓಲೆ ಕಿತ್ತುಕೊಂಡ. 16,000 ಹೆಣ್ಣುಮಕ್ಕಳನ್ನು ಸೆರೆಯಲ್ಲಿಟ್ಟ. ಇಂಥವನು ಹೋದರೆ ಅಳುವವರು ಯಾರು? ಬಲಿಯದು ಹಾಗಲ್ಲ. ಕೇಳಿದವರಿಗೆ ಇಲ್ಲ ಎನ್ನದ ರಾಜ, ಜನ ಮೆಚ್ಚಿದ ರಾಜ. ಅವನನ್ನೇ ದೇವರು ಕೆಳಗಿನ ಲೋಕಕ್ಕೆ ಕಳಿಸಿದ. ಪಾಡ್ಯದ ದಿನ ಸಗಣಿಯಲ್ಲಿ ಕೋಟೆ ಕಟ್ಟಿ, ಚೆಂಡು ಹೂ ಸಿಕ್ಕಿಸಿ, ಬಲೀಂದ್ರನನ್ನು ಕೂರಿಸುವಾಗ ನನಗೆ ಪ್ರತಿ ಸಲವೂ ಇದೇ ತಕರಾರು. ಕೆಟ್ಟ ಅರಸನನ್ನು ಕೊಂದಿದ್ದು ಸರಿ. ಒಳ್ಳೆಯವನನ್ನು ಯಾಕೆ ತುಳಿದೆ ಸ್ವಾಮಿ?

ಈ ತಕರಾರು ನನ್ನೊಬ್ಬಳದಲ್ಲ. ತುಳುನಾಡಿನಲ್ಲಿ ಅಂಗಳದಲ್ಲಿ ಹಾಲೆ ಮರದ ಕಂಬ ನೆಟ್ಟು, ಹೂವು ಕಟ್ಟಿ, ದೀಪವಿಟ್ಟು ಬಲೀಂದ್ರನನ್ನು ಕರೆಯುತ್ತಾರೆ. ಅಲ್ಲಿನ ಕತೆಯಲ್ಲಿ ಬಲಿಗೆ ರಾಜ್ಯ ವಾಪಸ್ ಸಿಗುವುದು ಯಾವಾಗ ಗೊತ್ತಾ? ಉಪ್ಪು ಕರ್ಪೂರ ಆದಾಗ. ಉದ್ದಿನ ಕಾಳು ಮದ್ದಳೆ ಆದಾಗ. ಬೆಣಚುಕಲ್ಲು ಹೂ ಬಿಟ್ಟಾಗ. ಅಂದರೆ ಆಗುವ ಮಾತಲ್ಲ. ಜನರಿಗೆ ಅದು ಚೆನ್ನಾಗಿಯೇ ಗೊತ್ತು. ಆದರೂ ಅದನ್ನೆಲ್ಲ ಒಂದೊಂದಾಗಿ ಹೇಳಿ, ಕೊನೆಗೆ 'ಕೂ' ಎಂದು ಗಟ್ಟಿಯಾಗಿ ಕೂಗುತ್ತಾರೆ. ಮಲೆನಾಡಿನಲ್ಲಿ ಅಂಟಿಗೆ ಪಂಟಿಗೆಯವರು ಇದೇ ದಿನಗಳಲ್ಲಿ ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತಾ ಹೋಗುತ್ತಾರೆ. ಉತ್ತರ ಕನ್ನಡದ ಮನೆಗಳಲ್ಲಿ ನೀರು ತುಂಬುವ ಹಬ್ಬದ ದಿನವೇ ಅವನು ಬಂದು ಕೂತಿರುತ್ತಾನೆ. ಸೋತ ರಾಜನಿಗೆ ಇಷ್ಟು ಮರ್ಯಾದೆ! ಗೆದ್ದ ಇಂದ್ರನಿಗೆ ಒಂದು ಹಣತೆಯನ್ನಾದರೂ ಹೀಗೆ ಹಚ್ಚುತ್ತೇವಾ?

ಬಲಿಯ ಮನೆತನವನ್ನು ಒಮ್ಮೆ ನೋಡಬೇಕು. ಹಿರಣ್ಯಕಶಿಪುವಿನ ಮಗ ಪ್ರಹ್ಲಾದ, ಅವನ ಮಗ ವಿರೋಚನ, ಅವನ ಮಗ ಬಲಿ. ಮುತ್ತಾತ ತನ್ನನ್ನೇ ದೇವರೆಂದು ಪೂಜಿಸಿ ಎಂದವನು. ಒಪ್ಪದ ಸ್ವಂತ ಮಗನನ್ನೇ ಕೊಲ್ಲಿಸಲು ಹೋದವನು. ಭಾಗವತದಲ್ಲಿ ವೇನ ಎಂಬ ಮತ್ತೊಬ್ಬ ದೊರೆಯೂ ಇದೇ ಜಾತಿ. ಯಜ್ಞ ಬೇಡ, ದಾನ ಬೇಡ, ಎಲ್ಲ ದೇವರೂ ರಾಜನಲ್ಲೇ ಇದ್ದಾರೆ ಎಂದ. ಋಷಿಗಳು ಹೂಂಕಾರದಿಂದಲೇ ಅವನ ಕತೆ ಮುಗಿಸಿದರು. ಬಲಿ ಇಂಥದ್ದೇನೂ ಮಾಡಲಿಲ್ಲ. ಯಜ್ಞ ನಿಲ್ಲಿಸುವುದಿರಲಿ, ನರ್ಮದೆಯ ದಡದಲ್ಲಿ ತಾನೇ ಅಶ್ವಮೇಧ ಮಾಡುತ್ತಿದ್ದ. ಅಲ್ಲಿಗೇ ಅಲ್ವಾ ವಾಮನ ಬಂದಿದ್ದು? ಬಂದವನು ಅದಿತಿಯ ಮಗ. ಮಕ್ಕಳು ಸ್ವರ್ಗ ಕಳೆದುಕೊಂಡರೆಂದು ಆ ತಾಯಿ 12 ದಿನ ಹಾಲು ಕುಡಿದು ಪಯೋವ್ರತ ಹಿಡಿದಳು. ಆ ವ್ರತದ ಫಲವೇ ಈ ಪುಟ್ಟ ಹುಡುಗ.

ಅಲ್ಲಿನ ಮಾತುಕತೆ ನನಗೆ ಬಹಳ ಇಷ್ಟ. ಹುಡುಗ ಮೂರು ಹೆಜ್ಜೆ ನೆಲ ಕೇಳುತ್ತಾನೆ. ಬಲಿಗೆ ನಗು. ನಿನಗೆ ಕೇಳುವುದಕ್ಕೂ ಬರುವುದಿಲ್ಲ, ಬೇಕಾದರೆ ಒಂದು ದ್ವೀಪವನ್ನೇ ಕೇಳು ಎನ್ನುತ್ತಾನೆ. ಮೂರು ಹೆಜ್ಜೆಯಲ್ಲಿ ತೃಪ್ತಿ ಕಾಣದವನಿಗೆ ದ್ವೀಪ ಕೊಟ್ಟರೂ ಸಾಲುವುದಿಲ್ಲ ಎನ್ನುತ್ತಾನೆ ವಾಮನ. ಈ ಮಾತನ್ನು ಯಾರಿಗೆ ಹೇಳುತ್ತಿದ್ದಾನೆ ನೋಡಿ. ತನ್ನದಲ್ಲದ ಅಮರಾವತಿಯನ್ನು ಗೆದ್ದು, ಮೂರು ಲೋಕ ಆಳುತ್ತಾ ಕೂತವನಿಗೆ. ನನ್ನ ತಕರಾರಿಗೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಬಲಿ ದಾನಿ ಹೌದು. ಆದರೆ ಕೊಡುವವನು ನಾನು, ಇದೆಲ್ಲ ನನ್ನದು ಎಂಬ ಲೆಕ್ಕ ಅವನೊಳಗೆ ಇತ್ತು. ಒಳ್ಳೆಯ ಅರಸರಿಗೆ ಬರುವ ಕಾಯಿಲೆಯೇ ಇದು. ಕೆಟ್ಟ ಅರಸ ಕಿತ್ತುಕೊಂಡು ನನ್ನದು ಎನ್ನುತ್ತಾನೆ. ಒಳ್ಳೆಯವನು ಹಂಚುತ್ತಾ ನನ್ನದು ಎನ್ನುತ್ತಾನೆ.

ಇದನ್ನು ಬಾಯಿಬಿಟ್ಟು ಹೇಳಿದವಳು ಬಲಿಯ ಹೆಂಡತಿ ವಿಂಧ್ಯಾವಳಿ. ಗಂಡನನ್ನು ವರುಣಪಾಶದಲ್ಲಿ ಕಟ್ಟಿದ್ದಾರೆ. ಅವಳು ಹೆದರುತ್ತಲೇ ಕೈ ಮುಗಿಯುತ್ತಾಳೆ. ಈ ಮೂರು ಲೋಕ ನಿನ್ನ ಆಟಕ್ಕೆ ನೀನೇ ಮಾಡಿಕೊಂಡದ್ದು, ಬುದ್ಧಿಯಿಲ್ಲದವರು ತಾವೇ ಒಡೆಯರು ಅಂದುಕೊಳ್ಳುತ್ತಾರೆ ಎನ್ನುತ್ತಾಳೆ. ಗಂಡನನ್ನು ಬಿಟ್ಟುಬಿಡು ಎಂದು ಗೋಗರೆಯುವುದಿಲ್ಲ. ರಾಣಿಯಾಗಿದ್ದವಳ ಬಾಯಲ್ಲಿ ಈ ಮಾತು! ಹರಿಕತೆಗಳಲ್ಲಿ ಶುಕ್ರಾಚಾರ್ಯರ ಕಣ್ಣಿಗೆ ದರ್ಭೆ ಚುಚ್ಚುವ ಪ್ರಸಂಗಕ್ಕೆ ಸಿಗುವಷ್ಟು ಹೊತ್ತು ವಿಂಧ್ಯಾವಳಿಗೆ ಸಿಗುವುದಿಲ್ಲ. ಅದು ನನಗೆ ಬೇಜಾರು.

ಬಲಿ ದೊಡ್ಡವನಾಗುವುದೂ ಇದೇ ಗಳಿಗೆಯಲ್ಲಿ. ಕೊಟ್ಟ ಮಾತಿಗೆ ತಪ್ಪಿಬಿಡು ಎಂದು ಗುರು ಶುಕ್ರಾಚಾರ್ಯರೇ ಹೇಳಿದ್ದರು. ಅವನು ಕೇಳಲಿಲ್ಲ, ಶಾಪ ತಿಂದ. ಅವನ ಸೈನಿಕರು ಆಯುಧ ಎತ್ತಿದರು. ಬೇಡ, ಕಾಲ ಈಗ ನಮ್ಮ ಕಡೆಗಿಲ್ಲ ಎಂದು ತಡೆದ. ಪುಟ್ಟ ಹುಡುಗ ಬೆಳೆದು ತ್ರಿವಿಕ್ರಮನಾದ, ಎರಡು ಹೆಜ್ಜೆಗೆ ಎಲ್ಲ ಮುಗಿಯಿತು. ಮೂರನೆಯದನ್ನು ನನ್ನ ತಲೆಯ ಮೇಲಿಡು ಎಂದ. ಅಷ್ಟರಲ್ಲಿ ಅಜ್ಜ ಪ್ರಹ್ಲಾದ ಬಂದ. ಕಟ್ಟಿ ಹಾಕಿದ್ದರಿಂದ ಮೊಮ್ಮಗನಿಗೆ ಅಜ್ಜನ ಪೂಜೆ ಮಾಡಲಾಗಲಿಲ್ಲ. ಸುಮ್ನೆ ತಲೆ ಬಗ್ಗಿಸಿದ, ಕಣ್ಣು ತುಂಬಿತ್ತು. ಅಜ್ಜನಾದರೂ ಜಗಳ ಆಡಬಾರದಿತ್ತೇ? ಇಂದ್ರಪದವಿ ಕೊಟ್ಟವನೂ ನೀನೇ, ತೆಗೆದುಕೊಂಡವನೂ ನೀನೇ, ಎರಡೂ ಚೆನ್ನಾಗಿಯೇ ಇದೆ ಎಂದುಬಿಟ್ಟ! ಅಪ್ಪನ ಆಳ್ವಿಕೆಯನ್ನು ಕಣ್ಣಾರೆ ಕಂಡವನು ಪ್ರಹ್ಲಾದ. ಅಧಿಕಾರ ತಲೆಗೇರಿದರೆ ಮನೆಯೊಳಗೆ ಏನಾಗುತ್ತದೆ ಎಂದು ಅವನಷ್ಟು ಗೊತ್ತಿದ್ದವರು ಯಾರು?

ಬಾದಾಮಿಯ 3ನೇ ಗುಹೆಯಲ್ಲಿ ಈ ಮನೆತನದ ಎರಡು ಕತೆಗಳೂ ಒಂದೇ ಸೂರಿನಡಿ ಇವೆ. ಕಾಲೆತ್ತಿ ನಿಂತ ತ್ರಿವಿಕ್ರಮ ಇದ್ದಾನೆ. ನರಸಿಂಹನೂ ಇದ್ದಾನೆ, ಆದರೆ ಕರುಳು ಬಗೆಯುತ್ತಿಲ್ಲ, ಆರಾಮಾಗಿ ನಿಂತಿದ್ದಾನೆ. ಈಗ ಅಲ್ಲಿ ಪೂಜೆಯಿಲ್ಲ. ಆದರೂ ಕೈ ತಾನಾಗಿಯೇ ಮುಗಿಯುತ್ತದೆ. ಇದನ್ನು ಮಾಡಿಸಿದವನು ಚಾಲುಕ್ಯರ ಮಂಗಳೇಶ, ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ. ಶಾಸನದ ಕಾಲ 578, ದಿನ ಕಾರ್ತಿಕದ ಹುಣ್ಣಿಮೆ. ನಮ್ಮ ಬಲಿಪಾಡ್ಯಮಿಯ ತಿಂಗಳೇ! ಈ ಕೆಲಸದ ಪುಣ್ಯ ಅಣ್ಣನಿಗಿರಲಿ, ಅಣ್ಣನ ಸೇವೆ ಮಾಡಿದ ಫಲ ಮಾತ್ರ ನನಗಿರಲಿ ಎಂದು ಅವನು ನೀರು ಬಿಟ್ಟು ಕೊಟ್ಟನಂತೆ. ಬಲಿ ಧಾರೆ ಎರೆದ ಹಾಗೆಯೇ.

ಮುಂದೇನಾಯಿತು? ಕೀರ್ತಿವರ್ಮ ತೀರಿಕೊಂಡಾಗ ಅವನ ಮಗ ಪುಲಕೇಶಿ ಚಿಕ್ಕವನು. ಚಿಕ್ಕಪ್ಪ ಪಟ್ಟಕ್ಕೆ ಬಂದ. ಹುಡುಗ ದೊಡ್ಡವನಾದ ಮೇಲೂ ಚಿಕ್ಕಪ್ಪ ಇಳಿಯಲಿಲ್ಲ, ತನ್ನ ಮಗನಿಗೇ ರಾಜ್ಯ ಉಳಿಸಲು ನೋಡಿದ. ಪುಲಕೇಶಿ ದಂಡೆತ್ತಿ ಬಂದ. ಮಗನನ್ನು ಕೂರಿಸುವ ಆ ಪ್ರಯತ್ನದ ಜೊತೆಗೆ ಮಂಗಳೇಶ ರಾಜ್ಯವನ್ನೂ ಪ್ರಾಣವನ್ನೂ ಬಿಟ್ಟ ಎಂದು 634ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿ ಬರೆದಿದ್ದಾನೆ. ರವಿಕೀರ್ತಿ ಪುಲಕೇಶಿಯ ಕಡೆಯವನು, ಗೆದ್ದವರ ಮಾತು ಎಂದು ಸ್ವಲ್ಪ ಕಡಿಮೆ ಮಾಡಿಯೇ ನಂಬೋಣ. ಆದರೂ ಆ ಗುಹೆಯಲ್ಲಿ ನಿಂತಾಗ ಅನಿಸಿದ್ದು ಇದು. ಅಣ್ಣನಿಗೆ ಪುಣ್ಯ ಬಿಟ್ಟುಕೊಟ್ಟವನಿಂದ ಅಣ್ಣನ ಮಗನಿಗೆ ಸಿಂಹಾಸನ ಬಿಟ್ಟುಕೊಡಲು ಆಗಲಿಲ್ಲ. ತಾನೇ ಕೆತ್ತಿಸಿದ ತ್ರಿವಿಕ್ರಮನ ಮುಂದೆ ಅವನು ಎಷ್ಟು ಸಲ ನಿಂತಿದ್ದನೋ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಎರಡು ಹೆಜ್ಜೆಯವರೆಗೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ.

ಬಲಿಗೆ ಸಿಕ್ಕಿದ್ದು ಬರೀ ಶಿಕ್ಷೆ ಎಂದು ನಾವು ಕತೆಯನ್ನು ಅರ್ಧಕ್ಕೇ ನಿಲ್ಲಿಸುತ್ತೇವೆ. ಯಾರ ಮೇಲೆ ನನಗೆ ಪ್ರೀತಿಯೋ ಅವರ ಸಂಪತ್ತನ್ನು ಕಿತ್ತುಕೊಳ್ಳುತ್ತೇನೆ ಎಂದು ಭಗವಂತನೇ ಬ್ರಹ್ಮನಿಗೆ ಹೇಳುತ್ತಾನೆ. (ಇಂಥ ಪ್ರೀತಿ ಸ್ವಲ್ಪ ಕಡಿಮೆಯೇ ಇರಲಿ ಎಂದು ನನ್ನಂಥವರು ಒಳಗೊಳಗೇ ಕೇಳಿಕೊಳ್ಳುವುದೂ ಉಂಟು.) ಬಲಿಗೆ ಸುತಲ ಲೋಕ ಕೊಟ್ಟ. ಮುಂದೊಂದು ಮನ್ವಂತರದಲ್ಲಿ ಇಂದ್ರನಾಗುತ್ತೀಯ ಎಂದ. ಅಲ್ಲಿಯವರೆಗೆ ನಿನ್ನ ಮನೆ ಬಾಗಿಲಲ್ಲಿ ನಾನೇ ಇರುತ್ತೇನೆ ಎಂದ. ಕಿತ್ತುಕೊಂಡವನೇ ಈಗ ಕಾವಲಿಗೆ ನಿಂತಿದ್ದಾನೆ, ಕೈಯಲ್ಲಿ ಗದೆ ಹಿಡಿದು.

ಆ ಕಾವಲು ಸುಮ್ನೆ ಹೆಸರಿಗಲ್ಲ. ಲೋಕವೆಲ್ಲ ಗೆಲ್ಲುತ್ತಾ ರಾವಣ ಒಮ್ಮೆ ಸುತಲಕ್ಕೂ ಬಂದನಂತೆ. ಬಾಗಿಲಲ್ಲಿ ನಿಂತವನು ಗದೆ ಎತ್ತಲೂ ಇಲ್ಲ. ಕಾಲಿನ ಹೆಬ್ಬೆರಳಿನಿಂದ ಒಂದು ಚಿಮ್ಮು ಚಿಮ್ಮಿದ. ಹತ್ತು ತಲೆಯವನು ಲೆಕ್ಕವಿಲ್ಲದಷ್ಟು ಯೋಜನ ದೂರ ಹೋಗಿ ಬಿದ್ದ.