ಕೂಳೆ ಹೊಗೆಯ ಲೆಕ್ಕ ಎಲ್ಲಿ ತಪ್ಪುತ್ತದೆ

ಕೂಳೆ ಸುಟ್ಟ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಇತ್ತು ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಗಾಳಿ ಜೋರಾದರೆ ಅದೇ ಬೆಂಕಿ 5 ತೋರಿಸೀತು. ಬೇಕಿರುವುದು ಒಂದು ಕಿಲೋ ಒಣ ಹುಲ್ಲು ಉರಿದರೆ ಎಷ್ಟು ಗ್ರಾಂ ಅನಿಲ ಎಂಬ ಲೆಕ್ಕ. ಅದಕ್ಕೆ ಇಂಗಾಲವೇ ಅಳತೆಗೋಲು. ಉರಿದ ಇಂಗಾಲದ ಬಹುಪಾಲು ಕಾರ್ಬನ್ ಡೈಆಕ್ಸೈಡ್, ಮಾನಾಕ್ಸೈಡ್, ಮೀಥೇನ್‌ಗಳಲ್ಲೇ ಇರುತ್ತದೆ. ಹೊಗೆ ತೆಳುವಾದರೂ ಅವುಗಳ ಅನುಪಾತ ಹಾಗೇ ಉಳಿಯುತ್ತದೆ.

ಹೊಗೆಯ ಅಳತೆಯಿಂದ ಶುದ್ಧ ಗಾಳಿಯ ಅಳತೆ ಕಳೆದಾಗ ಡೈಆಕ್ಸೈಡ್ 950, ಮಾನಾಕ್ಸೈಡ್ 50, ಮೀಥೇನ್ 4 ಪಿಪಿಎಂ ಉಳಿಯಿತೆನ್ನಿ. ಒಟ್ಟು 1004. ಹುಲ್ಲಿನಲ್ಲಿ ಇಂಗಾಲ ಶೇ. 42 ಇದ್ದರೆ ಕಿಲೋದಲ್ಲಿ 420 ಗ್ರಾಂ; ಇಂಗಾಲದ ಪರಮಾಣು ತೂಕ 12, ಮಾನಾಕ್ಸೈಡ್‌ನ ಅಣು ತೂಕ 28. ಹಾಗಾಗಿ 420 × (28/12) × (50/1004): ಕಿಲೋಗೆ ಸುಮಾರು 49 ಗ್ರಾಂ ಮಾನಾಕ್ಸೈಡ್. ಮೀಥೇನ್‌ಗೆ 28ರ ಜಾಗದಲ್ಲಿ 16, 50ರ ಜಾಗದಲ್ಲಿ 4 ಹಾಕಿದರೆ 2.2 ಗ್ರಾಂ. ಮಸಿ ಮತ್ತು ಇತರ ಸಾವಯವ ಅನಿಲಗಳ ಇಂಗಾಲ ಬಿಟ್ಟಿದ್ದರಿಂದ ಉತ್ತರ ತುಸು ಹೆಚ್ಚೇ ಬರುತ್ತದೆ.

ಲೆಕ್ಕ ಸುಲಭ, ಕಳೆಯುವುದೇ ಕಷ್ಟ. ಗಾಳಿಯಲ್ಲಿ ಡೈಆಕ್ಸೈಡ್ ಮೊದಲೇ 420 ಪಿಪಿಎಂ ಆಸುಪಾಸು ಇದೆ; ಮಣ್ಣು, ಗಿಡಗಳ ಉಸಿರಾಟದಿಂದ ರಾತ್ರಿ ಹೊಲದ ಮೇಲೆ ಇನ್ನೂ ಏರುತ್ತದೆ. ಹೊಗೆಯಿಂದ ಬಂದ ಹೆಚ್ಚಳ ಬರೀ 30 ಇದ್ದು, ಹಿನ್ನೆಲೆ 10 ತಪ್ಪಿದರೆ ಮೂರನೇ ಒಂದು ಪಾಲು ಹೋಯಿತು. ಆದ್ದರಿಂದ ಗಾಳಿ ಬೀಸಿಬರುವ ಬದಿಯಲ್ಲಿ, ಬೆಂಕಿಗೆ ಮುಂಚೆಯೂ ಆಮೇಲೂ, ಅದೇ ಉಪಕರಣದಿಂದ ಅಳೆಯಬೇಕು. ನೀರಾವಿಯನ್ನೂ ಕಳೆದು ಒಣಗಾಳಿಯ ಲೆಕ್ಕಕ್ಕೆ ತರಬೇಕು, ಹೊಗೆ ತೇವದ್ದು.

ಎರಡನೆಯ ತಪ್ಪು ಹೊಗೆಯ ಆಯ್ಕೆಯದು. ಡೈಆಕ್ಸೈಡನ್ನು ಡೈಆಕ್ಸೈಡ್, ಮಾನಾಕ್ಸೈಡ್‌ಗಳ ಮೊತ್ತದಿಂದ, ಅಂದರೆ 950ನ್ನು 950+50ರಿಂದ, ಭಾಗಿಸಿದರೆ 0.95: ಹೆಚ್ಚಾಗಿ ಜ್ವಾಲೆ. 0.8ರ ಹತ್ತಿರ ಬಂದರೆ ಬರೀ ಹೊಗೆಯಾಡುವ ಬೆಂಕಿ. ಜ್ವಾಲೆಯ ಹೊಗೆ ಬಿಸಿಯಾಗಿ ಮೇಲೇರುತ್ತದೆ, ಒದ್ದೆ ಹುಲ್ಲಿನ ಹೊಗೆ ನೆಲ ಹಿಡಿದು ಹರಿಯುತ್ತದೆ. ಬದುವಿನ ಮೇಲೆ ನಿಂತು ಹಿಡಿದ ಹೊಗೆಯಲ್ಲಿ ಮಾನಾಕ್ಸೈಡ್, ಮೀಥೇನ್, ಅಮೋನಿಯಾ ಜಾಸ್ತಿ. ವಿಮಾನದಿಂದ ಹಿಡಿದದ್ದರಲ್ಲಿ ಕಡಿಮೆ. ಎರಡೂ ಸರಿಯೇ, ಆದರೆ ಯಾವುದೊಂದೂ ಇಡೀ ಬೆಂಕಿಯಲ್ಲ. ಈ ಅನುಪಾತ ಬರೆಯದೆ ಗ್ರಾಂ ಮಾತ್ರ ಕೊಟ್ಟ ವರದಿಯನ್ನು ಪಕ್ಕಕ್ಕಿಡುವುದೇ ಒಳ್ಳೆಯದು.

ಹೊಗೆಯ ಮಾದರಿ ಹಿಡಿಯಲು ನಿರ್ವಾತ ಮಾಡಿದ ಉಕ್ಕಿನ ಕ್ಯಾನಿಸ್ಟರ್‌ಗಳು (ಮುಚ್ಚಿದ ಡಬ್ಬಿಗಳು) ಮೀಥೇನ್, ಹೈಡ್ರೋಕಾರ್ಬನ್‌ಗಳಿಗೆ ಸರಿ, ಅಮೋನಿಯಾಕ್ಕೆ ಬೇಡ. ಅದು ಗೋಡೆಗೆ ಅಂಟಿಕೊಂಡು ನಿಜಕ್ಕಿಂತ ಕಡಿಮೆ ಕಾಣುತ್ತದೆ, ಮುಂದಿನ ಮಾದರಿಯಲ್ಲಿ ಮೆಲ್ಲಗೆ ಬಿಡಿಸಿಕೊಂಡು ಬರುತ್ತದೆ. ಅದಕ್ಕೆ ಗಿಡ್ಡ ಟೆಫ್ಲಾನ್ ನಳಿಕೆ, ವೇಗದ ಹರಿವು. ಇಲ್ಲವೇ ಗೋಡೆಯೇ ಇಲ್ಲದ, ಬಯಲಿನಲ್ಲೇ ಅವಕೆಂಪು ಕಿರಣ ಹಾಯಿಸಿ ಅನಿಲಗಳನ್ನು ಗುರುತಿಸುವ ಎಫ್‌ಟಿಐಆರ್ ಉಪಕರಣ. ಮಸಿ ತಡೆಯುವ ಫಿಲ್ಟರನ್ನು ಆಗಾಗ ಬದಲಿಸಬೇಕು, ಕಟ್ಟಿಕೊಂಡರೆ ಹರಿವು ಇಳಿಯುತ್ತದೆ.

ಈ ಗ್ರಾಂಗಳು ಉರಿದ ಹುಲ್ಲಿಗೆ ಮಾತ್ರ, ಹೊಲದಲ್ಲಿ ಬಿದ್ದ ಹುಲ್ಲಿಗಲ್ಲ. ಹಲವೆಡೆ ಒಂದೊಂದು ಚದರ ಮೀಟರ್ ಗುರುತಿಸಿ, ಸುಡುವ ಮುಂಚೆ ಅರ್ಧದಷ್ಟು ಚೌಕಗಳ ಹುಲ್ಲನ್ನು ಕೊಯ್ದು, ಒಣಗಿಸಿ ತೂಗಬೇಕು. ಬೆಂಕಿ ಆರಿದ ಮೇಲೆ ಉಳಿದ ಚೌಕಗಳಲ್ಲಿನ ಕೂಳೆ, ಕರಿಯನ್ನು ತೂಗಬೇಕು; ಎರಡರ ವ್ಯತ್ಯಾಸವೇ ಉರಿದ ಹುಲ್ಲು.