ಅಭಿಪ್ರಾಯ ಕಾರ್ಡು, ಮೂರನೇ ರೂಪ: ಕೆಲಸ ಎಲ್ಲಿಗೆ ಬಂತು

ಓದುಗರು ಪುಸ್ತಕದ ಬಗ್ಗೆ ಅನಿಸಿಕೆ ಬರೆದುಕೊಡುವ ಕಾರ್ಡು ಇದು. ನಕ್ಷತ್ರ ಕೊಡುವ ಸಾಲನ್ನು ಅದರಿಂದ ತೆಗೆದುಹಾಕಲಾಗಿದೆ. ಭೈರಪ್ಪನವರ 'ಪರ್ವ'ಕ್ಕೆ ಐದರಲ್ಲಿ ನಾಲ್ಕು, 'ಹಸುರು ಹೊನ್ನು' ಪುಸ್ತಕಕ್ಕೂ ಐದರಲ್ಲಿ ನಾಲ್ಕು ಎಂದರೆ ಏನು ತಿಳಿದಂತಾಯಿತು? ಒಂದರಲ್ಲಿ ನಕ್ಷತ್ರ ಕಳೆದದ್ದು ಪವಾಡಗಳಿಲ್ಲದ ಮಹಾಭಾರತ ರುಚಿಸಲಿಲ್ಲ ಎಂದು. ಇನ್ನೊಂದರಲ್ಲಿ ಹಾಳೆ ಕಿತ್ತುಬಂದಿತ್ತು ಎಂದು. ಅಂಕೆಗೆ ಇವೆರಡೂ ಒಂದೇ. ಆ ಜಾಗಕ್ಕೆ ಈಗ ಎರಡು ಪ್ರಶ್ನೆ ಬಂದಿವೆ: "ಯಾವ ಅಧ್ಯಾಯದ ಬಗ್ಗೆ ಹೇಳುತ್ತಿದ್ದೀರಿ?", "ಈ ಪುಸ್ತಕ ಯಾರಿಗೆ ಹಿಡಿಸಲಿಕ್ಕಿಲ್ಲ?" ಯಾರು ಓದಬೇಕು ಎಂದು ಕೇಳಿದರೆ "ಎಲ್ಲರೂ" ಎಂದು ಬರೆದು ಕೈತೊಳೆದುಕೊಳ್ಳುವವರೂ ಎರಡನೇ ಪ್ರಶ್ನೆಗೆ ಸ್ವಲ್ಪ ಯೋಚಿಸಲೇಬೇಕಾಗುತ್ತದೆ. "ಓದಿಸಿಕೊಂಡು ಹೋಗುತ್ತದೆ", "ಸಂಗ್ರಹಯೋಗ್ಯ" ಎಂಬ ಮಾತುಗಳನ್ನು ಬಳಸಬೇಡಿ ಎಂದು ಮೇಲೆಯೇ ಅಚ್ಚು ಹಾಕಿಸಿದೆ. ಬಳಸುವವರು ಬಳಸುತ್ತಲೇ ಇದ್ದಾರೆ.

ಅಳತೆ. ಗ್ರಂಥಾಲಯದ ಹಳೆಯ 3×5 ಇಂಚಿನ ಕ್ಯಾಟಲಾಗ್ ಕಾರ್ಡು ಕನ್ನಡದ ಕೈಬರಹಕ್ಕೆ ಸಾಲುವುದಿಲ್ಲ. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ 8 ಮಿ.ಮೀ. ಆದರೂ ಬೇಕು, ತಲೆಬರಹದ ಜಾಗ ಕಳೆದರೆ ಉಳಿಯುವುದು ಏಳು ಸಾಲು ಮಾತ್ರ. ಈಗಿನದು ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿದ ಎ5, 148×210 ಮಿ.ಮೀ. ಎಡಕ್ಕೆ ಫೈಲಿನ ತೂತಿಗೆ 25 ಮಿ.ಮೀ. ಬಿಟ್ಟಿದೆ. ಜೆರಾಕ್ಸಿಗೆ ಬಳಸುವ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಕಾಗದದಲ್ಲಿ ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಮೂಡುತ್ತದೆ, 100 ಜಿಎಸ್‌ಎಂನಲ್ಲಿ ಆ ತಂಟೆ ಇಲ್ಲ.

ಬಣ್ಣ. ಎರಡನೇ ರೂಪದಲ್ಲಿ ಕಾದಂಬರಿಗೆ ಬಿಳಿ, ಉಳಿದದ್ದಕ್ಕೆ ಹಳದಿ ಕಾರ್ಡು ಎಂದಿತ್ತು. ಬಿಳಿಯದರಲ್ಲಿ ಪಾತ್ರ, ನಿರೂಪಣೆ, ಮುಕ್ತಾಯದ ಪ್ರಶ್ನೆಗಳು. ಹಳದಿಯಲ್ಲಿ ಮಾಹಿತಿ, ಆಧಾರ, ಇವತ್ತಿಗೂ ಸರಿಯೇ ಎಂಬ ಪ್ರಶ್ನೆಗಳು. ತೊಡಕು ಶುರುವಾದದ್ದೇ ಇಲ್ಲಿ. ಹಾರುವ ಓತಿಯನ್ನು ಹುಡುಕಿ ಹೊರಡುವ ತೇಜಸ್ವಿಯವರ 'ಕರ್ವಾಲೋ' (1980) ಕಾದಂಬರಿ, ಹಾಗಾಗಿ ಬಿಳಿ. ಓದಿದವರು ಅಂಚಿನಲ್ಲಿ ಬರೆದದ್ದು ಮಾತ್ರ "ಹಾರುವ ಓತಿ ನಿಜವಾಗಿ ಇದೆಯೇ?" ಎಂದು. ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಹಾಗಾಗಿ ಅವರ 'ಹಸುರು ಹೊನ್ನು' ಹಳದಿ. ಅದರ ಕಾರ್ಡುಗಳಲ್ಲಿ ಗಿಡಮರದ ಮಾತು ಕಡಿಮೆ. ವಿದ್ಯಾರ್ಥಿಗಳ ತರಲೆ, ಮೇಷ್ಟ್ರ ಹಾಸ್ಯ, ಅವರೇ ಬರೆದ ರೇಖಾಚಿತ್ರಗಳು, ಇವೇ ತುಂಬಿದ್ದವು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಈ ಪುಸ್ತಕಕ್ಕೆ ಪ್ರಶಸ್ತಿ ಕೊಟ್ಟದ್ದು ಪ್ರವಾಸ ಕಥನವೆಂದು. ಬಣ್ಣ ಹಾಕಿದವರಿಗಿಂತ ಓದುಗರೇ ಅಕಾಡೆಮಿಗೆ ಹತ್ತಿರವಿದ್ದರು.

ಓತಿಯ ಪ್ರಶ್ನೆಗೆ ಉತ್ತರವನ್ನು ಕಾರ್ಡಿನ ಜೊತೆಗೇ ಫೈಲಿಗೆ ಹಾಕಿದೆ. ಹಾರುವ ಓತಿ ಪಶ್ಚಿಮ ಘಟ್ಟದಲ್ಲಿ ಇದೆ, ಅಡಿಕೆ ತೋಟಗಳಲ್ಲೂ ಕಾಣಸಿಗುತ್ತದೆ. ಚಾಚಿದ ಪಕ್ಕೆಲುಬುಗಳ ಮೇಲೆ ಚರ್ಮ ಬಿಡಿಸಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ; ರೆಕ್ಕೆ ಬಡಿಯುವುದಿಲ್ಲ. ಮುಖ್ಯ ಆಹಾರ ಇರುವೆ. ಕಾದಂಬರಿ ಅದಕ್ಕೆ ಹೊರಿಸಿದ ಕೋಟ್ಯಂತರ ವರ್ಷಗಳ ರಹಸ್ಯ ಕಥೆಗೆ ಸೇರಿದ್ದು. ಇಂಥ ಪುಸ್ತಕಗಳಿಗಾಗಿಯೇ ಮೂರನೇ ರೂಪದಲ್ಲಿ ಬಣ್ಣ ಹೋಗಿ, ಎರಡೂ ಗುಂಪಿನ ಪ್ರಶ್ನೆಗಳು ಒಂದೇ ಕಾರ್ಡಿಗೆ ಬಂದಿವೆ. ಯಾವುದಕ್ಕೆ ಉತ್ತರಿಸಬೇಕೆಂಬುದು ಓದುಗರಿಗೆ ಬಿಟ್ಟದ್ದು. ಖಾಲಿ ಬಿಟ್ಟ ಪ್ರಶ್ನೆಯೂ ಲೆಕ್ಕಕ್ಕೆ ಬರುತ್ತದೆ. ಗ್ರಂಥಾಲಯದಲ್ಲಿ ವಿಷಯವಾರು ಪುಸ್ತಕ ಜೋಡಿಸಲು ಬಳಸುವ ಡ್ಯೂಯಿ ಸಂಖ್ಯೆಯನ್ನೇ ನೆಚ್ಚಿಕೊಳ್ಳಬಹುದಲ್ಲ ಎಂಬ ಸಲಹೆಯೂ ಬಂದಿತ್ತು. 894.814 ಎಂದರೆ ಕನ್ನಡ ಸಾಹಿತ್ಯ, ಸರಿ. ಅದು ಪುಸ್ತಕ ಎಲ್ಲಿ ನಿಲ್ಲಬೇಕೆಂದು ಹೇಳೀತು, ಜನ ಅದನ್ನು ಯಾವುದಕ್ಕಾಗಿ ಓದುತ್ತಾರೆಂದು ಹೇಳದು.

ಅರ್ಧಕ್ಕೆ ಬಿಟ್ಟವರು. ಇಡೀ ಫೈಲಿನಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇವರ ಕಾರ್ಡುಗಳು. ಮೊದಲ ರೂಪದಲ್ಲಿ ಇವರಿಗೆ ಜಾಗವೇ ಇರಲಿಲ್ಲ, ಮುಗಿಸಿದವರ ಹೊಗಳಿಕೆ ಮಾತ್ರ ಜಮೆಯಾಗುತ್ತಿತ್ತು. ಈಗ "ಎಲ್ಲಿ ನಿಂತಿತು, ಯಾಕೆ" ಎಂಬ ಸಾಲಿದೆ. ಪುಟಸಂಖ್ಯೆ ಬೇಡ, ಅಧ್ಯಾಯವೇ ಬೇಕು. ಮುದ್ರಣದಿಂದ ಮುದ್ರಣಕ್ಕೆ ಪುಟ ಬದಲಾಗುತ್ತದೆ.

'ಮಲೆಗಳಲ್ಲಿ ಮದುಮಗಳು' (1967) ನಿಲ್ಲುವುದು ಬಹುತೇಕ ಮೊದಲ ಕಾಲುಭಾಗದೊಳಗೆ. ಭಾಷೆ ಕಷ್ಟ ಎಂದು ದೂರುವವರು ಕಡಿಮೆ. ಯಾರು ಯಾವ ಮನೆಯವರು ಎಂಬುದೇ ಕಲಸಿಹೋಗುತ್ತದೆ. ಕಥೆಯ ಮೊದಲಿಗೇ ಬರುವ ಗುತ್ತಿಯ ಹಿಂದೆ ಹೊರಟವರು ಅವನನ್ನೇ ನಾಯಕನೆಂದುಕೊಂಡಿರುತ್ತಾರೆ. ಕಥೆ ಅವನನ್ನು ಬಿಟ್ಟು ಬೇರೆ ಮನೆಗೆ ಹೊಕ್ಕಾಗ ದಾರಿ ತಪ್ಪುತ್ತದೆ. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕುವೆಂಪು ಮೊದಲೇ ಎಚ್ಚರಿಸಿದ್ದಾರೆ, ಆದರೆ ಅದನ್ನು ಓದುವ ವಿಧಾನವೆಂದು ತೆಗೆದುಕೊಳ್ಳುವವರು ವಿರಳ. ಇದಕ್ಕೆಂದು ಒಂದು ಚೀಟಿ ತಯಾರಾಗಿದೆ: ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ ಎಂಬ ತಲೆಬರಹಗಳ ಕೆಳಗೆ ಆಯಾ ಮನೆಯವರ, ಆಳುಗಳ ಹೆಸರು. ಮುಂದೆ ಯಾರಿಗೆ ಏನಾಗುತ್ತದೆ, ಯಾರು ಯಾರನ್ನು ಮದುವೆಯಾಗುತ್ತಾರೆ ಎಂಬುದು ಅದರಲ್ಲಿ ಇರಬಾರದು. ಮೊದಲ ಕರಡಿನಲ್ಲಿ ಐತನ ಮುಂದೆ ಪೀಂಚಲು ಇರಲಿ, ಅವರು ಗಂಡಹೆಂಡಿರೇ. ಮುಕುಂದಯ್ಯನ ಮುಂದೆ ಚಿನ್ನಮ್ಮನ ಹೆಸರಿಟ್ಟರೆ ಕೆಟ್ಟಿತು.

ಟೈಪಿಂಗ್. ಕಾರ್ಡುಗಳನ್ನು ಕಂಪ್ಯೂಟರಿನ ಶೀಟಿಗೆ ಏರಿಸಿದಾಗ ಒಬ್ಬರೇ ಲೇಖಕರು ಮೂರಾಗಿಬಿಡುತ್ತಾರೆ: ಕೆ.ಪಿ. ಪೂರ್ಣಚಂದ್ರ ತೇಜಸ್ವಿ, ಪೂರ್ಣಚಂದ್ರ ತೇಜಸ್ವಿ, ಪೂಚಂತೇ. ಕರ್ವಾಲೋ ಮತ್ತು ಕರ್ವಾಲೊ ಬೇರೆಬೇರೆ ಸಾಲಿಗೆ ಬೀಳುತ್ತವೆ. ಇದು ಕಣ್ಣಿಗೆ ಬೀಳುವ ಸಮಸ್ಯೆ, ಬೀಳದ್ದು ಇನ್ನೊಂದಿದೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಓತ್ವ ಒಂದೇ ಸಂಕೇತವಾಗಿಯೂ ಇರಬಹುದು, ಒತ್ವ ಮತ್ತು ದೀರ್ಘದ ಗುರುತು ಸೇರಿಯೂ ಆಗಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ, ಆದರೆ ಹುಡುಕಿದರೆ ಒಂದು ಸಿಕ್ಕಿ ಇನ್ನೊಂದು ತಪ್ಪಿಸಿಕೊಳ್ಳುತ್ತದೆ. ಏರಿಸುವ ಮೊದಲು ಪಠ್ಯವನ್ನೆಲ್ಲ ಇಂಥ ಬಿಡಿ ಸಂಕೇತಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದರೆ ಇದು ಸರಿಹೋಗುತ್ತದೆ. ಯೂನಿಕೋಡಲ್ಲದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾಗಿ ಬಂದವನ್ನು ಅದಕ್ಕೂ ಮುಂಚೆ ಪರಿವರ್ತಕಕ್ಕೆ ಹಾಕಿ, ಅರ್ಕಾವತ್ತು ಸರಿಯಾದ ಜಾಗಕ್ಕೆ ಬಂದಿದೆಯೇ ಎಂದು ಕಣ್ಣಾರೆ ನೋಡಬೇಕು. ಕಾಗುಣಿತದ ಭೇದಕ್ಕೆ ಮಾತ್ರ ಯಂತ್ರದ ಮದ್ದಿಲ್ಲ. ಪ್ರತಿ ಪುಸ್ತಕಕ್ಕೊಂದು ಸಂಕೇತ ಸಂಖ್ಯೆ ಕೊಟ್ಟು, ಹೆಸರಿನ ಬದಲು ಅದರಿಂದಲೇ ವಿಂಗಡಿಸಲಾಗುತ್ತಿದೆ. ಪುಸ್ತಕದ ಮೇಲೆ ಅಚ್ಚಾಗುವ ಐಎಸ್‌ಬಿಎನ್ ಸಂಖ್ಯೆ ಸಾಕಾಗದು, ಹಳೆಯ ಮುದ್ರಣಗಳಲ್ಲಿ ಅದು ಇರುವುದಿಲ್ಲ.

ಬಾಕಿ ಇರುವುದು. ಇಂಗ್ಲಿಷಿಗೂ ಅನುವಾದವಾಗಿರುವ ವಿವೇಕ ಶಾನಭಾಗರ 'ಘಾಚರ್ ಘೋಚರ್' ಕಾರ್ಡುಗಳಲ್ಲಿ ಕನ್ನಡದಲ್ಲಿ ಓದಿದವರೂ ಇಂಗ್ಲಿಷಿನಲ್ಲಿ ಓದಿದವರೂ ಬೆರೆತಿದ್ದಾರೆ. ಮುಕ್ತಾಯ ಅರ್ಥವಾಗಲಿಲ್ಲ ಎಂಬ ಕಾರ್ಡು ಯಾವ ಭಾಷೆಯ ಓದಿನದು ಎಂದು ಗೊತ್ತಾಗದೆ ಅದನ್ನು ಬಳಸುವಂತಿಲ್ಲ. "ಯಾವ ಭಾಷೆಯಲ್ಲಿ ಓದಿದಿರಿ" ಎಂಬ ಸಾಲನ್ನು ಮುಂದಿನ ಅಚ್ಚಿಗೆ ಸೇರಿಸಬೇಕು. ಅಲ್ಲಿಯವರೆಗೆ ಇರುವ ಕಾರ್ಡುಗಳ ಮೇಲೆ ಪೆನ್ಸಿಲ್ಲಿನಲ್ಲಿ 'ಕ' ಅಥವಾ 'ಇಂ' ಎಂದು ಗುರುತು ಹಾಕುವ ಕೆಲಸ ನಡೆದಿದೆ.