ಮಲಗಿದರೆ 76, ನಿಂತರೆ 128

ಮೂರು ವರ್ಷ ನನ್ನ ಬಿಪಿ ನೋಡಿದವರೆಲ್ಲ ಕೂರಿಸಿಯೇ ನೋಡಿದರು. ಕೂತಾಗ ಎಲ್ಲ ಸರಿಯಾಗೇ ಇರುತ್ತಿತ್ತು. ತೊಂದರೆ ಇದ್ದದ್ದು ನಿಂತಾಗ. ಬೆಳಗ್ಗೆ ಒಲೆ ಮುಂದೆ ನಿಂತು ದೋಸೆ ಹುಯ್ಯುತ್ತಿದ್ದರೆ ಮೂರನೇ ದೋಸೆ ಹೊತ್ತಿಗೆ ಎದೆ ಢವಢವ, ಕಣ್ಣು ಕತ್ತಲೆ, ಕಾಲಲ್ಲಿ ಜೀವವೇ ಇಲ್ಲ, ಕಾವಲಿ ಮೇಲಿನ ದೋಸೆ ಸೀದರೂ ಸೀಯಲಿ ಅಂತ ಅಲ್ಲೇ ನೆಲದ ಮೇಲೆ ಕೂತುಬಿಡುತ್ತಿದ್ದೆ. ಗ್ಯಾಸ್ ಅಂದರು. ರಕ್ತ ಕಮ್ಮಿ ಅಂದರು. ಆಮೇಲೆ ಟೆನ್ಷನ್ ಅಂದರು.

ಕೊನೆಗೆ ಒಬ್ಬ ರುಮಟಾಲಜಿಸ್ಟ್, ಅಂದರೆ ಕೀಲು-ವಾತದ ಡಾಕ್ಟರ್, ಕೇಳಿದ್ದೇ ಬೇರೆ. "ನೀರು ಕುಡಿಯದೆ ಚಪಾತಿ ನುಂಗ್ತೀರಾ? ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತಾ?" ಚಪಾತಿ ಬಿಟ್ಟೇ ಎಷ್ಟೋ ದಿನವಾಗಿತ್ತು! ಕಣ್ಣೀರು ಎಷ್ಟಿದೆ ನೋಡಲು ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಟ್ಟರು, 3 ಮಿಲಿಮೀಟರ್ ಒದ್ದೆಯಾಯಿತು ಅಷ್ಟೇ. ರಕ್ತದಲ್ಲಿ ಆಂಟಿ-ಎಸ್‌ಎಸ್‌ಎ ಅನ್ನುವ, ನಮ್ಮ ದೇಹದ ವಿರುದ್ಧವೇ ಕೆಲಸ ಮಾಡುವ ಪ್ರತಿಕಾಯ ಪಾಸಿಟಿವ್. ಶೋಗ್ರೆನ್ ಕಾಯಿಲೆ, ಅಂದರೆ ರೋಗ ತಡೆಯಬೇಕಾದ ಶಕ್ತಿಯೇ ಕಣ್ಣೀರು, ಎಂಜಲಿನ ಗ್ರಂಥಿಗಳ ಮೇಲೆ ತಿರುಗಿಬೀಳುವುದು. 1933ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದ ಹೆನ್ರಿಕ್ ಶೋಗ್ರೆನ್ ಸ್ವೀಡನ್ನಿನ ಕಣ್ಣಿನ ಡಾಕ್ಟರ್, ಅದಕ್ಕೇ ಇರಬೇಕು, ಇದು ಬರೀ ಕಣ್ಣು-ಬಾಯಿ ಒಣಗುವ ಕಾಯಿಲೆ ಅಂತ ಇವತ್ತಿಗೂ ಜಾಸ್ತಿ ಜನ ಅಂದುಕೊಂಡಿರುವುದು.

ಆದರೆ ಇದು ನರಗಳನ್ನೂ ಬಿಡುವುದಿಲ್ಲ. ನಾವು ಎದ್ದು ನಿಂತ ತಕ್ಷಣ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಆಗ ನಮಗೆ ಗೊತ್ತೇ ಆಗದ ಹಾಗೆ ನರಗಳು ರಕ್ತನಾಳಗಳನ್ನು ಬಿಗಿ ಮಾಡಬೇಕು. ನನ್ನಲ್ಲಿ ಆ ಕೆಲಸ ಸರಿಯಾಗಿ ಆಗುತ್ತಿಲ್ಲ, ಹಾಗಾಗಿ ಹೃದಯ ಪಾಪ ಓಡಿ ಓಡಿ ಸರಿದೂಗಿಸುತ್ತದೆ. ಪರೀಕ್ಷೆ ನೋಡಿದರೆ ನಗು ಬರುವಷ್ಟು ಸುಲಭ. ಸುಮ್ನೆ ಸ್ವಲ್ಪ ಹೊತ್ತು ಮಲಗಿಸಿ, ಆಮೇಲೆ ಹತ್ತು ನಿಮಿಷ ನಿಲ್ಲಿಸಿ, ನಾಡಿ ಎಣಿಸಿದರು. ಬಿಪಿ ಬೀಳದೆ ಬಡಿತ ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಏರಿದರೆ, ಈ ಲಕ್ಷಣಗಳೂ ತಿಂಗಳುಗಟ್ಟಲೆ ಇದ್ದರೆ, ಅದಕ್ಕೆ ಪಾಟ್ಸ್ (POTS) ಅನ್ನುತ್ತಾರೆ. ನನ್ನ ಬಡಿತ ಮಲಗಿದಾಗ 76, ನಿಂತಾಗ 128, ಅಂದರೆ 52 ಏರಿತ್ತು. ಇದನ್ನು ಮೊದಲೇ ಮಾಡಬಹುದಿತ್ತು ಅಲ್ವಾ?

ಮಾತ್ರೆ ಇದೆ, ತೊಡೆವರೆಗೆ ಬಿಗಿಯಾದ ಸ್ಟಾಕಿಂಗ್ಸ್ ಇದೆ. ಜೊತೆಗೆ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚಲಿ ಅಂತ ನೀರು, ಉಪ್ಪು ಜಾಸ್ತಿ ತಗೋಬೇಕು. ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರು ದಯವಿಟ್ಟು ಇದನ್ನು ನೋಡಿ ಉಪ್ಪು ಸುರಿದುಕೊಳ್ಳಬೇಡಿ. "ಇಷ್ಟೊಂದು ಉಪ್ಪು ತಿಂದ್ರೆ ಬಿಪಿ ಬರಲ್ವೇನೇ?" ಅಂತ ಅತ್ತೆ ಡಬ್ಬಿಯನ್ನೇ ಮೇಲಿನ ಶೆಲ್ಫಿಗೆ ಇಟ್ಟಿದ್ದರು. ಉಪ್ಪಿನಕಾಯಿ ತಿನ್ನೋಣ ಅಂದರೆ ಒಣಗಿದ ನಾಲಿಗೆ ಧಗಧಗ ಉರಿಯುತ್ತದೆ. ಹಾಗಾಗಿ ಎಲ್ಲ ಉಪ್ಪೂ ಮಜ್ಜಿಗೆಗೆ. ಈಗ ಅತ್ತೆಯೇ ದೊಡ್ಡ ಲೋಟದಲ್ಲಿ ಬೆರೆಸಿ ಒಲೆ ಪಕ್ಕ ಇಡುತ್ತಾರೆ, ನಾನು ಸ್ಟೂಲ್ ಮೇಲೆ ಕೂತು ದೋಸೆ ಹುಯ್ಯುತ್ತೇನೆ.